ಮೆಂಬರಕ್ಕ ಬರೆದುಕೊಳ್ಳದ ಹನ್ನೊಂದು ಸುತ್ತು

ನಗರಸಭೆಯ ಮೆಂಬರಿಗೆ ಹೊಟ್ಟೆಕಿಚ್ಚು ಬರುವುದಾದರೆ ಇನ್ನೊಬ್ಬ ಮೆಂಬರಿನ ಮೇಲೆ ಬರಬೇಕು, ಅಧ್ಯಕ್ಷರ ಮೇಲೆ ಬರಬೇಕು, ಅದೂ ಬೇಡವೆಂದರೆ ಎದುರು ಪಕ್ಷದವರ ಹೊಸ ಕಾರಿನ ಮೇಲಾದರೂ ಬರಬೇಕು. ನಮ್ಮ ವಾರ್ಡಿನ ಮೆಂಬರಕ್ಕನಿಗೆ ಬಂದದ್ದು ನೀರು ಬಿಡುವವನ ಮೇಲೆ. ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಚಾವಿ ಕಟ್ಟಿಕೊಂಡು, ವಾರಕ್ಕೆ ಮೂರು ದಿನ ಬೆಳಗಿನ ಐದಕ್ಕೆ ಬಂದು, ರಸ್ತೆಯ ಮುಚ್ಚಳ ತೆಗೆದು, ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಟ್ಟು ಹೋಗುವ ನೀರುಗಂಟಿಯ ಮೇಲೆ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ಹೊಟ್ಟೆಕಿಚ್ಚೇ ಅಲ್ಲ ಅದು. ಕೇಳಿದವರು ನಗುತ್ತಾರೆಂದು ಅವಳಿಗೂ ಗೊತ್ತಿತ್ತು.

ಮೆಂಬರ್ ಆಗುವ ಮೊದಲು ಅವಳು ದರ್ಜಿ. ಮಧ್ಯದ ಬೀದಿಯ ಮೂಲೆಯಲ್ಲಿ ಎರಡು ಹೊಲಿಗೆ ಮಿಷನ್ ಹಿಡಿಸುವಷ್ಟು ಅಂಗಡಿ. ಹೆಚ್ಚಾಗಿ ಶಾಲೆಯ ಯೂನಿಫಾರ್ಮ್. ಮಕ್ಕಳು ದೊಡ್ಡವರಾದ ಮೇಲೆ ಅವರ ಪ್ಯಾಂಟು, ಅಂಗಿ. ಹೀಗೆ ಇಪ್ಪತ್ತು ವರ್ಷದಲ್ಲಿ ವಾರ್ಡಿನ ಅರ್ಧ ಮತದಾರರ ಸೊಂಟದ ಸುತ್ತಳತೆ ಅವಳ ಪುಸ್ತಕಕ್ಕೆ ಬಂದಿತ್ತು. ಅಂಗಡಿಯ ಮುಂದಿನ ಚರಂಡಿಗೆ ಕಲ್ಲು ಹಾಸಿರಲಿಲ್ಲ. ಒಂದು ದಿನ ಶಾಲೆಯ ಹುಡುಗಿಯೊಬ್ಬಳು ಅದರಲ್ಲಿ ಬಿದ್ದು, ಹಿಂದಿನ ದಿನವಷ್ಟೇ ಇವಳು ಹೊಲಿದುಕೊಟ್ಟ ಹೊಸ ಲಂಗ ಮೊಣಕಾಲಿನ ಹತ್ತಿರ ಹರಿದುಕೊಂಡು ಬಂದಳು. ಮೊಣಕಾಲಿಗೆ ಅಯ್ಯೋ ಅಂದವರು ಬೇರೆಯವರು. ಇವಳಿಗೆ ಉರಿದದ್ದು ಲಂಗಕ್ಕೆ. ನಗರಸಭೆಯ ಮೆಟ್ಟಿಲನ್ನು ಹದಿನಾರು ಸಲ ಹತ್ತಿ, ಪ್ರತಿ ಸಲವೂ ಟೇಪು ಹಿಡಿದು ಚರಂಡಿಯ ಅಗಲ ಇಷ್ಟು, ಆಳ ಇಷ್ಟು ಎಂದು ಹೇಳಿ, ಗುಮಾಸ್ತರ ತಲೆ ಚಿಟ್ಟು ಹಿಡಿಸಿ, ಕೊನೆಗೆ ಕಲ್ಲು ಹಾಸಿಸಿದಳು. ಇವಳೇ ಚುನಾವಣೆಗೆ ನಿಲ್ಲಲಿ ಎಂದು ಜನ ಅಂದರು. ನಿಂತಳು. ಮೊದಲ ಸಲ ಅರವತ್ತಮೂರು ಮತದಿಂದ ಗೆದ್ದಳು, ಎರಡನೆಯ ಸಲ ಏಳುನೂರರಿಂದ.

ಅವಳ ಕೆಲಸದ ರೀತಿಯೇ ಬೇರೆ. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದಳು. ಮಡಿಲಲ್ಲಿ ಅದೇ ಹಳೆಯ ಅಳತೆ ಪುಸ್ತಕ. ಮರದ ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದೆ ಎಂದು ಯಾರಾದರೂ ಬಂದರೆ ಎಷ್ಟು ಗೇಣು ಒಳಗೆ ಹೋಗಿದೆ ಎಂದು ಕೇಳುವಳು. ರಸ್ತೆಯಲ್ಲಿ ಗುಂಡಿ ಬಿದ್ದಿದೆ ಎಂದರೆ ಪಾದ ಮುಳುಗುತ್ತದೋ, ಮೊಣಕಾಲು ಮುಳುಗುತ್ತದೋ ಎನ್ನುವಳು. ವೆಲ್ಡಿಂಗ್ ಅಂಗಡಿಯ ಸದ್ದಿಗೆ ಮಗು ಮಲಗುವುದಿಲ್ಲ ಎಂದ ತಾಯಿಯಿಂದ ಮಗು ಯಾವ ಹೊತ್ತಿಗೆ ಮಲಗಿ ಯಾವ ಹೊತ್ತಿಗೆ ಏಳುತ್ತದೆಂಬುದನ್ನೂ ಕೇಳಿ ಬರೆದುಕೊಂಡಿದ್ದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಹೌದು ಅನ್ನಿಸಿಕೊಂಡೇ ಕಳಿಸುತ್ತಿದ್ದಳು. ಕೆಲಸ ಆದ ದಿನ ಆ ಸಾಲಿನ ಮೇಲೆ ದರ್ಜಿಯ ನೀಲಿ ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದಳು. ಸುತ್ತಮುತ್ತಲ ವಾರ್ಡುಗಳಲ್ಲೂ ಅವಳಿಗೆ ‘ಹೇಳಿದ್ದನ್ನು ಬರೆದುಕೊಳ್ಳುವ ಮೆಂಬರ್’ ಎಂದೇ ಹೆಸರು. ಉಳಿದ ಮೆಂಬರುಗಳು ದೂರು ಕೇಳಿ ತಲೆಯಾಡಿಸುತ್ತಿದ್ದರು, ಅಷ್ಟೆ.

ಇಷ್ಟೆಲ್ಲ ಮಾಡಿದರೂ ಜನರಿಗೆ ಅವಳ ಮೇಲೆ ಇದ್ದದ್ದು ಗೌರವ. ಪ್ರೀತಿಯನ್ನೆಲ್ಲ ನೀರುಗಂಟಿ ಸೈಕಲ್ಲಿನಲ್ಲಿ ಹೊತ್ತುಕೊಂಡು ಹೋಗಿದ್ದ.

ಹತ್ತೊಂಬತ್ತು ವರ್ಷದಿಂದ ನೀರು ಬಿಡುತ್ತಿದ್ದ ಸಣಕಲು ಆಸಾಮಿ ಅವನು. ಮಾತು ಕಡಿಮೆ, ತಲೆ ಅಲ್ಲಾಡಿಸುವುದು ಹೆಚ್ಚು. ಮೇಲಿನ ಬೀದಿ, ಮಧ್ಯದ ಬೀದಿ, ಕೆಳಗಿನ ಬೀದಿ ಎಂದು ವಾರ್ಡು ಇಳಿಜಾರಿನಲ್ಲಿ ಮೂರು ಮೆಟ್ಟಿಲಾಗಿ ಕೂತಿದೆ. ಅವನು ಮೂರೂ ಕಡೆ ಚಾವಿ ಇಳಿಸಿ, ತಿರುಗಿಸಿ, ಚಾವಿಯ ತಲೆಗೆ ಕಿವಿ ಇಟ್ಟು ಪೈಪಿನ ಸದ್ದು ಕೇಳುತ್ತಿದ್ದ. ಅಷ್ಟರಲ್ಲಿ ಒಂದು ಕಿಟಕಿಯಿಂದ ಚಹಾದ ಲೋಟ ಬರುತ್ತಿತ್ತು. ಇನ್ನೊಂದು ಕಿಟಕಿಯಿಂದ, ರಾತ್ರಿಯಿಡೀ ಅತ್ತೆ ಕೆಮ್ಮಿದ ಸುದ್ದಿ ಬರುತ್ತಿತ್ತು. ಅವನು ಅದನ್ನೂ ಚಾವಿಗೆ ಕಿವಿ ಇಟ್ಟ ಹಾಗೆಯೇ ಕೇಳಿಕೊಂಡು, ಹೌದಾ, ಎಂದು ಮುಚ್ಚಳ ಹಾಕಿ ಮುಂದಿನ ಬೀದಿಗೆ ಹೋಗುತ್ತಿದ್ದ. ಅವನಿಂದ ಯಾರ ಕೆಮ್ಮೂ ವಾಸಿಯಾದದ್ದಿಲ್ಲ. ಆದರೂ ನಮ್ಮವನು, ನಮ್ಮವನು ಎಂದು ಎಲ್ಲರೂ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು.

ಮೆಂಬರಕ್ಕನಿಗೆ ಮೊದಲು ಚುಚ್ಚಿದ್ದು ರಸ್ತೆಯ ವಿಷಯ. ಎರಡು ವರ್ಷ ಬಡಿದಾಡಿ ಮೇಲಿನ ಬೀದಿಗೆ ಡಾಂಬರು ಹಾಕಿಸಿದ್ದಳು. ಕೆಲಸ ಮುಗಿದ ದಿನ ನೋಡಲು ಹೋದರೆ, ಬೀದಿಯ ಹೆಂಗಸರು ಹೊಸ ರಸ್ತೆಯ ಮೇಲೆ ನಿಂತು ಸಂತೋಷಪಡುತ್ತಿದ್ದರು: ಪಾಪ, ನೀರುಗಂಟಿಯ ಸೈಕಲ್ಲಿಗೆ ಇನ್ನು ಸುಲಭವಾಯಿತು. ಆಮೇಲೆ ಬೀದಿ ದೀಪ. ಏಳು ತಿಂಗಳು ಅಲೆದು ತಂದ ದೀಪವನ್ನು ಹೊತ್ತಿಸುವ ಸಂಜೆ ಅವಳು ಹತ್ತು ನಿಮಿಷ ತಡವಾಗಿ ಹೋದಳು. ಅಷ್ಟರೊಳಗೆ ಆ ದಾರಿಯಲ್ಲಿ ಹೋಗುತ್ತಿದ್ದ ನೀರುಗಂಟಿಯ ಕೈಯಲ್ಲೇ ಸ್ವಿಚ್ ಒತ್ತಿಸಿ ಚಪ್ಪಾಳೆ ತಟ್ಟಿ ಮುಗಿಸಿದ್ದರು. ಅವತ್ತು ಮನೆಗೆ ಬಂದು ತಲೆನೋವೆಂದು ಊಟ ಬಿಟ್ಟು ಮಲಗಿದಳು. ತಲೆಗೇನೂ ಆಗಿರಲಿಲ್ಲ.

ಒಂದು ಸಲ ಅವಳಿಗೆ ಜ್ವರ ಬಂದು ನಾಲ್ಕು ದಿನ ಹಾಸಿಗೆ ಹಿಡಿದಳು. ನೋಡಲು ಬಂದವರು ಮೂರು ಜನ. ಅವರಲ್ಲೊಬ್ಬ ಬಂದದ್ದು ಸಹಿಗೆ. ಅದಾದ ತಿಂಗಳಿಗೆ ನೀರುಗಂಟಿಯ ಕಾಲು ಉಳುಕಿತು. ಮೆಂಬರ್ ಆದವಳು ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವನ ಮನೆಗೆ ಹೋದರೆ, ಹೊಸಿಲಿನ ಹೊರಗೆ ಚಪ್ಪಲಿ ಬಿಡಲು ಜಾಗವಿಲ್ಲ. ನಿಂತು ಎಣಿಸಿದಳು. ಮೂವತ್ತೆರಡು ಜೊತೆ. ಮಾಳಿಗೆಯ ಮೆಟ್ಟಿಲ ಮೇಲೆ ಇನ್ನೂ ಇದ್ದವು. ಅವನ್ನು ಎಣಿಸಲು ಮನಸ್ಸು ಬರಲಿಲ್ಲ.

ಮನೆಗೆ ಬಂದು ಗಂಡನ ಮುಂದೆ, ಕಾಲು ಉಳುಕಿದರೆ ಇಷ್ಟು ಜನ, ಮುರಿದಿದ್ದರೆ ಪೆಂಡಾಲೇ ಹಾಕಬೇಕಿತ್ತೇನೋ ಎಂದಳು. ಗಂಡ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತನಾದವನು. ಯಾವುದನ್ನು ಯಾವ ಗೂಡಿಗೆ ಹಾಕಬೇಕೆಂದು ಅವನಿಗೆ ಬೇಗ ತಿಳಿಯುತ್ತಿತ್ತು. ಪೇಪರಿನಿಂದ ತಲೆಯೆತ್ತದೆ, “ನೀನೂ ಬೆಳಿಗ್ಗೆ ಐದಕ್ಕೆದ್ದು ಹೋಗಿ ನೋಡು, ನಿಂಗೂ ಚಹಾ ಕೊಟ್ಟಾರು” ಎಂದ. ಅವಳು ಒಂದು ವಾರ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹೀಗೇ ಒಳಗೊಳಗೆ ಕುದಿಯುತ್ತಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಚುನಾವಣೆಗೆ ಐದು ತಿಂಗಳಿದೆ ಎನ್ನುವಾಗ ಇಸ್ತ್ರಿಯವನು ಒಂದು ಸುದ್ದಿ ತಂದ. ಬಟ್ಟೆಗಿಂತ ಸುದ್ದಿಯನ್ನೇ ಚೆನ್ನಾಗಿ ಬಿಸಿ ಮಾಡುವ ಆಸಾಮಿ ಅವನು. ಈ ಸಲ ನೀರುಗಂಟಿಯನ್ನೇ ಕೆಲಸ ಬಿಡಿಸಿ ನಿಲ್ಲಿಸಿದರೆ ಹೇಗೆ ಎಂದು ಮೇಲಿನ ಬೀದಿಯಲ್ಲಿ ಮಾತು ನಡೆದಿದೆಯಂತೆ. ಹೇಳಿದವರು ತಮಾಷೆಗೆ ಹೇಳಿದ್ದರು, ಕೇಳಿದ ನೀರುಗಂಟಿ ನಾಚಿಕೊಂಡು ಸೈಕಲ್ ಹತ್ತಿದ್ದ. ಆ ಭಾಗವನ್ನು ಇಸ್ತ್ರಿಯವನು ಹೇಳಲಿಲ್ಲ, ಮೆಂಬರಕ್ಕ ಕೇಳಲೂ ಇಲ್ಲ. ಅವಳ ಕಣ್ಣ ಮುಂದೆ ಬಂದದ್ದು ಮೂವತ್ತೆರಡು ಜೊತೆ ಚಪ್ಪಲಿ. ಮನೆಗೆ ಎರಡು ಓಟಿನಂತೆ ಲೆಕ್ಕ ಹಾಕಿದರೂ ಮೊದಲ ಸಲ ತಾನು ಗೆದ್ದ ಅಂತರ ಹೊಸಿಲಿನ ಹೊರಗೇ ಬಿದ್ದಿತ್ತು.

ಮರುದಿನವೇ ನೀರು ವಿಭಾಗದ ಇಂಜಿನಿಯರನ್ನು ನೋಡಲು ಹೋದಳು. ನೀರುಗಂಟಿಯ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಹತ್ತೊಂಬತ್ತು ವರ್ಷ ಕೆಸರಿನಲ್ಲಿ ದುಡಿದಿದ್ದಾನೆ, ಕಾಲು ಬೇರೆ ಉಳುಕಿದೆ, ವಯಸ್ಸಾಯಿತು, ಊರಾಚೆಯ ಪಂಪ್‌ಹೌಸಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರೆ ಪುಣ್ಯ ಬರುತ್ತದೆ ಎಂದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹತ್ತೇ ದಿನದಲ್ಲಿ ವರ್ಗಾವಣೆಯ ಆದೇಶ ಬಂತು. ಶನಿವಾರ ಅವಳೇ ಎದ್ದು ನಿಂತು, ನಿಮ್ಮ ನೀರುಗಂಟಿಗೆ ಕುರ್ಚಿ ಕೊಡಿಸಿದ್ದೇನೆ, ಫ್ಯಾನ್ ಕೊಡಿಸಿದ್ದೇನೆ ಎಂದು ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ಇಬ್ಬರು ಕಣ್ಣೊರೆಸಿಕೊಂಡರು. ತಾನು ಸೋತರೆ ಹೀಗೆ ಯಾರು ಕಣ್ಣೊರೆಸಿಕೊಳ್ಳುತ್ತಾರೆ ಎಂದು ಅವಳು ಒಂದೊಂದೇ ಮುಖ ನೋಡಿದಳು. ಯಾರೂ ಸಿಗಲಿಲ್ಲ.

ಅವನು ವಾರ್ಡು ಬಿಡುವ ಹಿಂದಿನ ದಿನವೂ ಶನಿವಾರ. ಅಂದು ಅವನೇ ಅಂಗಡಿಯ ಮುಂದೆ ಬಂದು ಸಾಲಿನ ಕೊನೆಯಲ್ಲಿ ನಿಂತ. ಒಂಬತ್ತೂವರೆ ವರ್ಷದಲ್ಲಿ ಅವನು ಆ ಸಾಲಿಗೆ ಬಂದದ್ದು ಅದೇ ಮೊದಲು. ಜನ ಅವನನ್ನು ಮುಂದಕ್ಕೆ ತಳ್ಳಿದರು, ಅವನು ಹಿಂದಕ್ಕೇ ಹೋದ. ಸರದಿ ಬಂದ ಮೇಲೆ ಎದುರು ನಿಂತು, “ಅಕ್ಕ, ಒಂದು ಬರ್ಕೊಂಡುಬಿಡಿ. ಹೊಸಬನಿಗೆ ಬೇಕಾಗುತ್ತೆ. ಯಾವ ವಾಲ್ವ್ ಎಷ್ಟು ಸುತ್ತು ಅಂತ ಎಲ್ಲೂ ಬರೆದಿಲ್ಲ, ನನ್ನ ಕೈಯಲ್ಲೇ ಇದೆ” ಎಂದ.

ಅವಳು ಪುಸ್ತಕ ತೆರೆದಳು, ಪೆನ್ನು ಹಿಡಿದಳು. ಅವನು ಶುರು ಮಾಡಿದ: ಹನ್ನೊಂದು ಸುತ್ತು. ಅಷ್ಟರಲ್ಲಿ ಬಿಸಿಲು ಅವನ ಮುಖಕ್ಕೆ ಬಿತ್ತು. ಹಿಂದೆ ನಿಂತಿದ್ದ ಕೆಳಗಿನ ಬೀದಿಯ ಹೆಂಗಸೊಬ್ಬಳು ತನ್ನ ಕೊಡೆ ಬಿಚ್ಚಿ, ತಾನು ಬಿಸಿಲಲ್ಲೇ ನಿಂತು, ಅವನ ತಲೆಯ ಮೇಲೆ ಹಿಡಿದಳು. ಒಂಬತ್ತೂವರೆ ವರ್ಷ ಶನಿವಾರ ಶನಿವಾರ ಅದೇ ಬಿಸಿಲಿನಲ್ಲಿ ಕೂತ ಮೆಂಬರಕ್ಕನಿಗೆ ಯಾರೂ ಕೊಡೆ ಹಿಡಿದಿರಲಿಲ್ಲ. ಆಮೇಲೆ ಅವನು ಹೇಳಿದ್ದೊಂದೂ ಅವಳ ಕಿವಿಗೆ ಬೀಳಲಿಲ್ಲ. ಪೆನ್ನು ಮಾತ್ರ ನಿಲ್ಲಲಿಲ್ಲ. ಬಟ್ಟೆಯ ಮೇಲೆ ಗೀಟು ಎಳೆಯುವ ಕೈಗೆ ಸುಮ್ಮನೆ ಓಡುವುದು ಕಷ್ಟವೇ? ಅಂಕುಡೊಂಕಾಗಿ, ಅಲೆ ಅಲೆಯಾಗಿ, ಪುಟದ ತುಂಬ ಗೀಚಿದಳು. ಅವನು ಒಂದೊಂದು ಅಂಕಿಯನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದ, ಅವಳು ಹೂಂ, ಹೂಂ ಎನ್ನುತ್ತ ಗೀಚುತ್ತಿದ್ದಳು. ಬರೆದದ್ದನ್ನು ಯಾವತ್ತೂ ಓದಿ ಹೇಳುತ್ತಿದ್ದವಳು ಅವತ್ತು ಓದಲಿಲ್ಲ. ಆಯಿತಪ್ಪ, ಇನ್ನು ನಿಶ್ಚಿಂತೆಯಾಗಿ ಹೋಗು ಎಂದು ಪುಸ್ತಕ ಮುಚ್ಚಿದಳು. ಅವನು ಕೈಮುಗಿದು ಹೋದ. ಅವನ ಹಿಂದೆ ಅರ್ಧ ಬೀದಿ ಹೋಯಿತು.

ಸೋಮವಾರ ಬಂದ ಹೊಸಬ ಗುತ್ತಿಗೆಯವನು. ಎಷ್ಟು ಸುತ್ತು ಅಂತ ಮೆಂಬರಕ್ಕನನ್ನೇ ಕೇಳಿದ. ಅವಳಿಗೆ ನೆನಪಿದ್ದದ್ದು ಒಂದೇ. ಹನ್ನೊಂದು ಎಂದಳು, ಮೆಂಬರ್ ಹೇಳಬೇಕಾದಷ್ಟು ಗಟ್ಟಿಯಾಗಿಯೇ ಹೇಳಿದಳು. ಅವನು ಮೂರೂ ಬೀದಿಗೆ ಹನ್ನೊಂದು ಹನ್ನೊಂದು ಸುತ್ತು ತಿರುಗಿಸಿದ. ಇಳಿಜಾರಿನ ನೀರಿಗೆ ಯಾರ ಶಿಫಾರಸೂ ಬೇಡ, ಅದು ಕೆಳಗೇ ಹೋಗುತ್ತದೆ. ಮೇಲಿನ ಬೀದಿಯ ನಲ್ಲಿಗಳು ಬುಸ್ ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾದವು. ಕೆಳಗಿನ ಬೀದಿಯಲ್ಲಿ ಹಳೆಯ ಪೈಪಿನ ಕೀಲು ಬಿಟ್ಟು, ನೀರು ಎರಡು ಮನೆಯ ಅಡುಗೆಕೋಣೆಗೆ ನುಗ್ಗಿತು. ಬುಧವಾರವೂ ಹಾಗೇ, ಶುಕ್ರವಾರವೂ ಹಾಗೇ. ಮೇಲಿನ ಬೀದಿಯವರು ಕೊಡ ಹಿಡಿದು ಇಳಿಯುವುದು, ಕೆಳಗಿನ ಬೀದಿಯವರು ನೆಂದ ಚಾಪೆ ಒಣಗಿಸಲು ಏರುವುದು, ದಾರಿಯಲ್ಲಿ ಎದುರುಬದುರಾಗಿ ಒಬ್ಬರಿಗೊಬ್ಬರು ಬೈದುಕೊಳ್ಳುವುದು.

ಆ ಶನಿವಾರ ಅಂಗಡಿಯ ಮುಂದೆ ಹಿಂದೆಂದೂ ಇಲ್ಲದಷ್ಟು ಜನ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಸಾಲು ತಿರುವು ದಾಟಿ ಹೋದದ್ದನ್ನು ನೋಡಿ ಮೆಂಬರಕ್ಕನಿಗೆ ಒಂದು ಗಳಿಗೆ ಖುಷಿಯೇ ಆಯಿತು. ಇಷ್ಟು ಜನ ತನ್ನ ಬಾಗಿಲಿಗೆ ಬಂದಿದ್ದರು. ಆ ಖುಷಿ ಬಾಳಿದ್ದು ಇಸ್ತ್ರಿಯವನು ಬಾಯಿ ತೆರೆಯುವವರೆಗೆ. ನೀರುಗಂಟಿ ಎಲ್ಲ ಬರೆಸಿ ಹೋಗಿದ್ದಾನಲ್ಲ, ನಾವೆಲ್ಲ ನೋಡಿದ್ದೇವಲ್ಲ, ಪುಸ್ತಕ ತೆಗೆಯಿರಿ ಎಂದ. ಮೇಲಿನ ಬೀದಿಯ ಒಬ್ಬ ನೀರುಗಂಟಿಗೆ ಫೋನ್ ಕೂಡ ಮಾಡಿದ್ದನಂತೆ. ಫೋನಿನಲ್ಲಿ ತಾನೊಂದು ಹೇಳಿ, ನೀವೊಂದು ಕೇಳಿ, ಪೈಪು ಒಡೆಯುವುದು ಬೇಡ. ಅಕ್ಕ ಬರೆದುಕೊಂಡಿದ್ದಾರೆ, ಅದನ್ನೇ ನೋಡಿ ಎಂದು ಅವನು ಹೇಳಿದ್ದನಂತೆ.

ಅವಳು ಪುಸ್ತಕ ತೆಗೆದಳು. ಪುಟ ತಿರುವಿದಳು. ಪುಟದ ತುಂಬ ತಾನೇ ಗೀಚಿದ ಅಲೆಗಳು. ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಪುಟ ಒದ್ದೆಯಾಗಿ ಅಕ್ಷರ ಅಳಿಸಿಹೋಗಿದೆ ಎಂದಳು.

“ಹಾಗಾದ್ರೆ ವಾರದಿಂದ ಈ ವಾರ್ಡಲ್ಲಿ ನೀರು ಸರಿಯಾಗಿ ಸಿಕ್ಕಿರೋದು ನಿಮ್ಮ ಪುಸ್ತಕಕ್ಕೆ ಮಾತ್ರ” ಎಂದಳು ಮೇಲಿನ ಬೀದಿಯ ಹೆಂಗಸೊಬ್ಬಳು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಯಾರೂ ಹೋಗಲಿಲ್ಲ, ಅವಳನ್ನೇ ನೋಡುತ್ತ ನಿಂತರು. ತಾನೇ ಈಗಲೇ ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ಅವಳು ಎದ್ದಳು. ಬೇರೆ ಯಾರಾದರೂ ಹೋದರೆ ಏನೇನು ಹೊರಬೀಳುತ್ತದೋ ಎಂಬ ಹೆದರಿಕೆಗೆ, ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡಿದಳು.

ಪಂಪ್‌ಹೌಸ್ ಊರಿನ ಇನ್ನೊಂದು ತುದಿಯಲ್ಲಿ, ಮನೆಗಳೆಲ್ಲ ಮುಗಿದ ಮೇಲೆ ಇತ್ತು. ಒಂದೇ ಕೋಣೆ. ಗೋಡೆಗೆ ಸ್ವಿಚ್ಚುಗಳ ಕಪಾಟು, ನೆಲದಲ್ಲಿ ಗುಂಯ್‌ಗುಡುವ ಮೋಟರು, ಒಂದು ಕುರ್ಚಿ, ಒಂದು ಫ್ಯಾನು. ಹೇಳಿದ ಹಾಗೆಯೇ ಎಲ್ಲ ಕೊಡಿಸಿದ್ದಳು. ನೀರುಗಂಟಿ ಕುರ್ಚಿಯ ಅಂಚಿನಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದ. ಇವಳನ್ನು ಕಂಡವನೇ ಎದ್ದು, ಕುರ್ಚಿಯನ್ನು ತನ್ನ ಟವೆಲ್ಲಿನಿಂದ ಒರೆಸಿ ಮುಂದಿಟ್ಟ. ವಾರದಲ್ಲಿ ಅಲ್ಲಿಗೆ ಮೊದಲು ಬಂದವಳು ಅವಳೇ ಎಂದು ಹೇಳಿದ. ಹೇಳುವಾಗ ಅವನ ಮುಖದಲ್ಲಿದ್ದ ಸಂತೋಷ ನೋಡಲು ಅವಳಿಗೆ ಆಗಲಿಲ್ಲ.

ಪುಟ ಒದ್ದೆಯಾಯಿತು ಎಂಬ ಮಾತನ್ನೇ ಇಲ್ಲೂ ಹೇಳಿದಳು. ಅವನು ನಂಬಿದ. ಆದರೆ ಚಿಂತೆ ಮಾಡಲಿಲ್ಲ.

“ಒದ್ದೆಯಾದ್ರೂ ನಿಮ್ಮ ಅಕ್ಷರ ಪೂರ್ತಿ ಹೋಗೋದಿಲ್ಲಕ್ಕ, ನೀವು ಒತ್ತಿ ಬರೀತೀರಿ. ಕೊಡಿ, ಬೆಳಕಿಗೆ ಹಿಡಿದು ನೋಡ್ತೀನಿ” ಎಂದು ಕೈ ಚಾಚಿದ. “ನಾನು ಹೇಳಿದ್ದನ್ನ ಒಬ್ರು ಕೂತು ಬರ್ಕೊಂಡಿದ್ದು ಅದೇ ಮೊದ್ಲು. ಮನೇಲಿ ಎಲ್ರಿಗೂ ಹೇಳ್ದೆ.”

ಮೋಟರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲವೆಂದು ನಟಿಸಬಹುದಿತ್ತು. ಪುಸ್ತಕ ತಂದಿಲ್ಲವೆಂದರೂ ಆಗುತ್ತಿತ್ತು, ಆದರೆ ಅದು ಕಂಕುಳಲ್ಲೇ ಇತ್ತು. ಕೊಟ್ಟಳು. ಅವನು ಬಾಗಿಲ ಹತ್ತಿರ ಹೋಗಿ ಪುಟವನ್ನು ಬೆಳಕಿಗೆ ಹಿಡಿದ. ಒಂದು ಸಲ ನೇರವಾಗಿ, ಒಂದು ಸಲ ಓರೆಯಾಗಿ. ಕಾಗದ ಒಣಗಿ ಗರಿಗರಿಯಾಗಿತ್ತು. ಮೇಲಿನಿಂದ ಕೊನೆಯವರೆಗೂ ಗೀಚು.

“ಇದೇನಕ್ಕ ಇದು?”

“ಏನೂ ಬರೀಲಿಲ್ಲಪ್ಪ. ಬರೆಯೋ ಹಾಗೆ ಮಾಡ್ದೆ. ಎಲ್ರೂ ನಿನ್ನ ಹಿಂದೇನೇ ಇದ್ರು, ನಂಗೆ ಹೊಟ್ಟೆಕಿಚ್ಚಾಯ್ತು” ಎಂದಳು ಮೆಂಬರಕ್ಕ. “ನಿನ್ನನ್ನ ಇಲ್ಲಿಗೆ ಹಾಕ್ಸಿದ್ದೂ ಅದಕ್ಕೇ.”

ಪರವಾಗಿಲ್ಲ ಬಿಡಿ ಎನ್ನುತ್ತಾನೆಂದು ಅವಳು ಕಾದಳು. ಅವನು ಅಂಥ ಮನುಷ್ಯನೆಂದು ಇಡೀ ವಾರ್ಡು ಹೇಳುತ್ತಿತ್ತಲ್ಲ. ಅವನು ಹಾಗೆ ಅನ್ನಲಿಲ್ಲ.

“ಕುರ್ಚಿ ಕೊಟ್ರಿ, ಫ್ಯಾನ್ ಕೊಟ್ರಿ. ನಾನು ಕೇಳಿದ್ನಾ ಅಕ್ಕ?” ಎಂದ. ಆಮೇಲೆ ಪುಸ್ತಕ ಹಿಂದಕ್ಕೆ ಕೊಟ್ಟು, “ಹೊಸ ಪುಟ ತೆಗೀರಿ. ಸೋಮವಾರಕ್ಕೆ ಮೇಲಿನ ಬೀದಿಯೋರು ಕುಡೀಬೇಕು” ಎಂದ.

ಮತ್ತೆ ಹೇಳಿದ. ಕೆಳಗಿನ ಬೀದಿಗೆ ನಾಲ್ಕೂವರೆ ಸುತ್ತು, ಐದಾಗಕೂಡದು. ಮಧ್ಯದ ಬೀದಿಗೆ ಏಳು. ಮೇಲಿನ ಬೀದಿಗೆ ಹನ್ನೊಂದು, ಅದೂ ಒಂದೇ ಸಲಕ್ಕಲ್ಲ. ಎರಡು ಸುತ್ತು ಬಿಟ್ಟು, ಚಾವಿಗೆ ಕಿವಿ ಇಟ್ಟು, ಒಳಗಿನ ಗಾಳಿಯೆಲ್ಲ ಹೋದ ಮೇಲೆ ಉಳಿದದ್ದು. ಅವಳು ಒತ್ತಿ ಒತ್ತಿ ಬರೆದಳು. ಅವನು ಓದಿಸಿದ. ತಪ್ಪಿದ ಕಡೆ ತಿದ್ದಿಸಿ ಇನ್ನೊಮ್ಮೆ ಓದಿಸಿದ. ವರ್ಗಾವಣೆಯ ಆದೇಶವನ್ನು ರದ್ದು ಮಾಡಿಸುತ್ತೇನೆ, ಒಂದು ತಿಂಗಳಾಗಬಹುದು ಎಂದಳು. ಅದಕ್ಕೆ ಅವನು, ಬಸ್ಸಿನ ಹೊತ್ತಾಯಿತು ಎಂದ.

ಎರಡು ಬೀದಿಯವರ ಬೈಗುಳ ತಿಂದ ಹೊಸಬ, ಇನ್ನು ಇಂಜಿನಿಯರು ಸಹಿ ಹಾಕಿದ ಕಾಗದ ಕೊಡುವ ತನಕ ವಾಲ್ವ್ ಮುಟ್ಟುವುದಿಲ್ಲವೆಂದು ಚಾವಿಯನ್ನು ಮೆಂಬರಕ್ಕನ ಅಂಗಡಿಯ ಬಾಗಿಲಿಗೆ ಒರಗಿಸಿ ಹೋಗಿದ್ದ. ತಪ್ಪು ಅವನದಲ್ಲ, ಹನ್ನೊಂದು ಎಂದದ್ದು ಅವಳೇ. ಸೋಮವಾರ ಬೆಳಗಿನ ಐದಕ್ಕೆ ಅವಳೇ ಅದನ್ನು ಹೆಗಲ ಮೇಲಿಟ್ಟುಕೊಂಡು ಹೊರಟಳು. ಗಂಡ ಟಾರ್ಚು ಹಿಡಿದು ಜೊತೆಗೆ ಬರುತ್ತೇನೆಂದ. ಬೇಡವೆಂದಳು.

ಮೂವತ್ತು ವರ್ಷ ಮಿಷನ್ ತುಳಿದು ಕಾಲು ಗಟ್ಟಿಯಾಗಿತ್ತು, ತೋಳಿಗೆ ಆ ಅಭ್ಯಾಸವಿರಲಿಲ್ಲ. ಕೆಳಗಿನ ಬೀದಿಯ ನಾಲ್ಕೂವರೆ ಸುತ್ತಿಗೇ ಅಂಗೈ ಕೆಂಪಾಯಿತು. ಮಧ್ಯದ ಬೀದಿಯ ಏಳು ಮುಗಿಯುವಾಗ ಉಸಿರು ಮೇಲೆ ಬಂದಿತ್ತು. ಮೇಲಿನ ಬೀದಿಯ ಮುಚ್ಚಳ ಒಂದು ತಗ್ಗು ಮನೆಯ ಕಿಟಕಿಗೆ ತೀರ ಹತ್ತಿರ ಇದೆ. ಅಲ್ಲಿ ಚಾವಿ ಇಳಿಸಿ ಎರಡು ಸುತ್ತು ತಿರುಗಿಸಿದಳು, ಬಗ್ಗಿ ತಣ್ಣನೆಯ ಕಬ್ಬಿಣಕ್ಕೆ ಕಿವಿ ಇಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ದೂರದಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಗಾಳಿ. ಅದು ತೆಳ್ಳಗಾಗುತ್ತ ಬಂತು. ಅದರ ಹಿಂದೆ ಭಾರವಾದ, ಒಂದೇ ಸಮನಾದ ಸದ್ದು ಏರಿ ಬಂತು. ಉಳಿದ ಒಂಬತ್ತು ಸುತ್ತನ್ನು ಹಲ್ಲು ಕಚ್ಚಿ ತಿರುಗಿಸಿದಳು. ಬೀದಿಯ ಉದ್ದಕ್ಕೂ ಒಂದರ ನಂತರ ಒಂದು ನಲ್ಲಿ ಕೆಮ್ಮಿ, ಉಗುಳಿ, ಸುರಿಯತೊಡಗಿತು.

ಪಕ್ಕದ ಕಿಟಕಿಯೊಳಗಿಂದ ಒಂದು ಮುದಿ ದನಿ ಬಂತು. ಆ ಮನೆಯ ಅಜ್ಜಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು, ಕಾಲೂ ಬರುತ್ತಿರಲಿಲ್ಲ. ಶನಿವಾರದ ಸಾಲಿಗೆ ಅವಳು ಒಮ್ಮೆಯೂ ಬಂದವಳಲ್ಲ, ಮೆಂಬರಕ್ಕನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

“ಬಂದೆಯಾ ಮಗನೇ? ನೀರು ಏರಿದ ರೀತೀಲೇ ಗೊತ್ತಾಯ್ತು, ಇದು ನಿನ್ನ ಕೈ. ಒಂದು ವಾರ ಬಾಯಿ ಒಣಗಿಹೋಗಿತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.”

ಮೆಂಬರಕ್ಕ ಚಾ‍ವಿ ಹಿಡಿದು ನಿಂತೇ ಇದ್ದಳು. ಒಂಬತ್ತೂವರೆ ವರ್ಷ ಇಂಥದೊಂದು ದನಿಗಾಗಿ ಕಾದಿದ್ದಳು. ಬಂತು. ಬೇರೆಯವರ ವಿಳಾಸಕ್ಕೆ ಬರೆದ ಕಾಗದ ತನ್ನ ಮನೆಗೆ ಬಂದ ಹಾಗೆ ಬಂತು. ಸುಮ್ಮನಿದ್ದರೆ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಕೆಮ್ಮು ಬಂದರೂ ತಡೆದುಕೊಂಡಳು. ಊರಾಚೆ ಒಂಟಿಯಾಗಿ ಕೂತಿದ್ದ ಆ ಮನುಷ್ಯನ ಮೇಲೆ ಆ ಹೊತ್ತಿನಲ್ಲೂ ಅವಳ ಹೊಟ್ಟೆ ಉರಿಯಿತು.

“ನಿನ್ನನ್ನ ಇಲ್ಲಿಂದ ಎತ್ತಿಸಿದ್ದು ಮೆಂಬರೇ ಅಂತಾರಪ್ಪ ಜನ” ಎಂದಿತು ದನಿ. “ನಾನು ಅವರ ಜೊತೆ ಜಗಳ ಆಡಿದೀನಿ. ಅವಳು ಹೇಳಿದ್ದನ್ನ ಬರ್ಕೊಳ್ಳೋಳು, ಅಂಥ ಕೆಲಸ ಅವಳು ಮಾಡೋಳಲ್ಲ ಅಂದೆ. ಅವಳನ್ನ ನಾನು ನೋಡಿಲ್ಲ. ಆದ್ರೂ ದಿನಾ ನೆನೆಸ್ಕೋತೀನಿ ಕಣೋ, ನಿನ್ನನ್ನ ನೆನೆಸ್ಕೊಳ್ಳೋ ಹಾಗೇನೇ.”

ಒಳಗೆ ಅಜ್ಜಿಯ ಕೈಗೆಟುಕುವ ನಲ್ಲಿಯಿಂದ ಪಾತ್ರೆಗೆ ನೀರು ಬೀಳುತ್ತಿತ್ತು. ಮೆಂಬರಕ್ಕ ಚಾವಿಯನ್ನು ಗೋಡೆಗೆ ಒರಗಿಸಿ ಕಿಟಕಿಯ ಹತ್ತಿರ ಬಂದಳು.

“ಮಾಡ್ಸಿದ್ದು ಅವಳೇ ಅಜ್ಜಿ” ಎಂದಳು.

ಹೆಂಗಸಿನ ದನಿ ಕೇಳಿ ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಪಾತ್ರೆ ತುಂಬಿ ನೀರು ನೆಲಕ್ಕೆ ಹರಿಯುವ ಸದ್ದು ಬಂದರೂ ನಲ್ಲಿ ನಿಲ್ಲಿಸಲಿಲ್ಲ.

“ನೀನು ಯಾರಮ್ಮ?” ಎಂದು ಕೇಳಿದಳು.

ಮೆಂಬರಕ್ಕ ತನ್ನ ಹೆಸರು ಹೇಳಿದಳು.